ನಲವತ್ತು ನಿಮಿಷದ ನಕ್ಷತ್ರ

ಜೂನ್ 12, 2011, ಭಾನುವಾರ

ಕ್ಲಾಸು ಶುರುವಾಯಿತು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಎಂ.ಎ. ಎರಡನೇ ವರ್ಷ! ಹೋದ ವರ್ಷ ನಾನು ಪಾಸಾದ ಸುದ್ದಿ ಕೇಳಿ ಇವರು ಹೋಟೆಲಿನಲ್ಲಿ ಕಂಡಕಂಡವರಿಗೆಲ್ಲ ಶೀರಾ ಹಂಚಿದ್ದರು. ಈ ವರ್ಷ ಫೇಲಾದರೆ ನೆರೂಳ ಸ್ಟೇಶನ್ ರಸ್ತೆಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ.

ಪ್ರತಿ ಭಾನುವಾರ ಥಾಣೆಯಲ್ಲಿ, ಒಂದು ಸಂಘದ ಹಾಲಿನಲ್ಲಿ, ಹತ್ತರಿಂದ ಒಂದರವರೆಗೆ ಪಾಠ. ಹನ್ನೊಂದು ಜನ ವಿದ್ಯಾರ್ಥಿಗಳು, ಎಲ್ಲರಿಗಿಂತ ಹಿರಿಯಳು ನಾನೇ. ಪುಂಡರೀಕಾಕ್ಷ ಸರ್‌ಗೆ ಎಪ್ಪತ್ತು ದಾಟಿದೆ, ಗಂಟಲಿಗೆ ಮಾತ್ರ ಇಪ್ಪತ್ತೈದು. ಈ ವರ್ಷದ ಪಠ್ಯ ಒಂದು ಹಳೆಯ ರುದ್ರನಾಟಕ. "ಓದಿದ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಥಾವಸ್ತು, ಪಾತ್ರ, ಆಶಯ, ಎಲ್ಲ ನಿಮ್ಮದೇ ಮಾತಿನಲ್ಲಿ. ಗೈಡು ಮುಟ್ಟಿದರೆ ಕೈ ಮುರೀತೇನೆ" ಎಂದರು. ಅದಕ್ಕೇ ಈ ಪುಸ್ತಕ. ನಾಟಕದ ಟಿಪ್ಪಣಿಯ ಮಧ್ಯೆ ಮನೆಯ ಸುದ್ದಿ ನುಗ್ಗಿದರೆ ನುಗ್ಗಲಿ, ಸರ್‌ಗೆ ತೋರಿಸಲಿಕ್ಕಿಲ್ಲವಲ್ಲ.

ಕಥೆ ಇಷ್ಟು. ಹೊನ್ನರಸ ಎಂಬ ಒಬ್ಬ ದೊರೆ. ಪಟ್ಟಕ್ಕೇರಿದ ದಿನ ಕಣಿ ಹೇಳುವ ಹೆಂಗಸೊಬ್ಬಳು ಬಂದು, ನಿನ್ನ ಕೋಟೆಯ ಬಾಗಿಲು ಒಳಗಿನಿಂದಲೇ ತೆರೆದುಕೊಳ್ಳುತ್ತದೆ ಅನ್ನುತ್ತಾಳೆ. ದೊರೆ ಹೊಟ್ಟೆ ಹಿಡಿದು ನಗುತ್ತಾನೆ, ಸೀರೆ ಕೊಟ್ಟು ಕಳಿಸುತ್ತಾನೆ. ಎರಡನೇ ಅಂಕದಲ್ಲಿ ತಮ್ಮನ ಮೇಲೆ ಸಂಶಯ, ಗಡೀಪಾರು. ಮೂರರಲ್ಲಿ ಮಂತ್ರಿಗೆ ಸೆರೆ. ನಾಲ್ಕರಲ್ಲಿ ಕಟ್ಟಿಕೊಂಡ ರಾಣಿಯನ್ನೇ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಐದಕ್ಕೆ ಬರುವಾಗ ಕೋಟೆಯೊಳಗೆ ಅವನು ನಂಬುವ ಒಂದು ನರಪಿಳ್ಳೆಯೂ ಉಳಿದಿಲ್ಲ. ಒಳಗಿನವರಿಗಿಂತ ಹೊರಗಿನ ವೈರಿಯೇ ವಾಸಿ, ಅವನಾದರೂ ಬಂದು ನನ್ನನ್ನು ಕಾಪಾಡಲಿ ಎಂದು ದೊರೆಯೇ ಹೋಗಿ ಅಗುಳಿ ತೆಗೆಯುತ್ತಾನೆ. ಕೋಟೆ ಬೀಳುತ್ತದೆ.

ನನ್ನ ಅಭಿಪ್ರಾಯ: ಶುದ್ಧ ಪೆದ್ದ. ವಿಧಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಕಣಿಯವಳು ಬಾಯಿ ಮುಚ್ಚಿಕೊಂಡಿದ್ದರೆ ಅವನು ಮೊಮ್ಮಕ್ಕಳನ್ನು ಆಡಿಸುತ್ತ ಹಾಯಾಗಿ ಸಾಯುತ್ತಿದ್ದ.

ಜೂನ್ 26, ಭಾನುವಾರ

ನನ್ನ "ಶುದ್ಧ ಪೆದ್ದ" ಎಂಬ ಮಾತನ್ನು ಕ್ಲಾಸಿನಲ್ಲೂ ಹೇಳಿಬಿಟ್ಟೆ. ಎಲ್ಲರೂ ನಕ್ಕರು, ಸರ್ ಕೂಡ ನಕ್ಕರು. ಆಮೇಲೆ ಒಂದು ಕೆಲಸ ಕೊಟ್ಟರು: "ಮೊದಲನೇ ಅಂಕದಲ್ಲಿ ನಗುವ ದೊರೆ ಯಾವ ಸಾಲಿನಿಂದ ನಗುವುದನ್ನು ನಿಲ್ಲಿಸಿದ, ಹುಡುಕಿ ತನ್ನಿ. ಅವನಿಗೇ ಅದು ಗೊತ್ತಾಗಿರುವುದಿಲ್ಲ ಮುಕ್ತಾ ಬಾಯಿ, ನೀವು ಹುಡುಕಬೇಕು."

ವಾಪಸು ಬರುವಾಗ ರೈಲಿನಲ್ಲಿ ಎರಡನೇ ಅಂಕವನ್ನು ಮೂರು ಸಲ ಓದಿದೆ. ಸಿಗಲಿಲ್ಲ. ತುರ್ಭೆ ಬಂದಾಗ ಕಿಟಕಿ ಸೀಟು ಸಿಕ್ಕಿತು, ನಿದ್ದೆ ಬಂತು.

ಜುಲೈ 9, ಶನಿವಾರ

ಮಗಳು ಶ್ರೀಪ್ರಿಯಾಳ ಜಾತಕ ಮತ್ತೆ ವಾಪಸು ಬಂತು. ಐದನೇ ಸಲ. ಮಾತು ಅದೇ: "ಹುಡುಗಿ ಒಳ್ಳೆಯವಳು, ಮನೆತನ ಒಳ್ಳೆಯದು, ಆದರೆ ಮೂಲಾ ನಕ್ಷತ್ರ ನೋಡಿ." ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನ ಜೀವಕ್ಕೆ ಆಗುವುದಿಲ್ಲವಂತೆ. ಬಿ.ಕಾಂ. ಮಾಡಿ, ಬೇಲಾಪುರದ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಮೇಜಿನ ಮೇಲೆ ಕತ್ತು ಬಗ್ಗಿಸಿ ದುಡಿಯುವ ನನ್ನ ಮಗಳು ಯಾರದೋ ಮಾವನನ್ನು ಆಕಾಶದಿಂದ ಕೊಲ್ಲುತ್ತಾಳಂತೆ! ಈ ಊರಲ್ಲಿ ಮಾವಂದಿರು ಸಾಯುವುದು ಸಕ್ಕರೆ ಕಾಯಿಲೆಯಿಂದ, ವಡಾಪಾವಿನಿಂದ, ಲೋಕಲ್ ಹಳಿ ದಾಟುವುದರಿಂದ. ನಕ್ಷತ್ರಕ್ಕೆ ಅಷ್ಟು ಪುರುಸೊತ್ತು ಎಲ್ಲುಂಟು?

ಅವಳಿಗೆ ಹೇಳಿದರೆ, "ಅಮ್ಮಾ, ಜಾನೇ ದೋ ನಾ, ಬಿಡು ಅದನ್ನು" ಎಂದು ಟೀವಿಯ ದನಿ ಏರಿಸಿದಳು. ಆದರೆ ಊಟಕ್ಕೆ ಕೂತಾಗ ಅನ್ನ ಕಲಸಿ ಹಾಗೇ ಬಿಟ್ಟು ಎದ್ದಳು. ಇಪ್ಪತ್ತೈದು ಮುಗಿಯಿತು ಅವಳಿಗೆ.

ಜುಲೈ 23, ಶನಿವಾರ

ಒಂದು ಕೆಲಸ ಮಾಡಿ ಬಂದೆ. ಬರೆದೇ ಇಡುತ್ತೇನೆ.

ಡೊಂಬಿವಲಿಯ ಹುಡುಗ, ಕಶ್ಯಪ ಎಂದು ಹೆಸರು. ಔಷಧದ ಕಂಪೆನಿಯಲ್ಲಿ ಕೆಲಸ. ನಮ್ಮವರ ಒಂದು ಸಮಾರಂಭದಲ್ಲಿ ಶ್ರೀಪ್ರಿಯಾಳೂ ಅವನೂ ಊಟ ಬಡಿಸುವ ಪಾಳಿಯಲ್ಲಿ ಜೊತೆಯಾದರು. ಎರಡು ತಿಂಗಳಿಂದ ಫೋನು ನಡೆದಿದೆ, ನನಗೆ ಗೊತ್ತಿಲ್ಲ ಅಂತ ಅವಳು ತಿಳಿದಿದ್ದಾಳೆ. ಸಾರು ಬಡಿಸುತ್ತ ಒಲಿದವರು! ಅವನ ಅಪ್ಪ ಮುರಾರಿ ರಾಯರು ಬ್ಯಾಂಕಿನಿಂದ ರಿಟೈರಾದವರು, ಬಹಳ ತಮಾಷೆಯ ಮನುಷ್ಯ. ತಾಯಿ ಜಯಲತಕ್ಕ ಏಕಾದಶಿಗೆ ನೀರೂ ಕುಡಿಯದವರು. ಆಕೆಯೇ ಫೋನು ಮಾಡಿ, "ಹುಡುಗಿ ನಮಗೆ ಒಪ್ಪಿಗೆ ಮುಕ್ತಾ. ಜಾತಕ ಒಂದು ಕಳಿಸಿ, ಅದು ಕೂಡಿದರೆ ಆಯ್ತು" ಎಂದರು.

ಇವತ್ತು ವಾಶಿಯಲ್ಲಿ ಕಂಪ್ಯೂಟರ್ ಜಾತಕ ತೆಗೆದುಕೊಡುವ ಅಂಗಡಿಗೆ ಹೋದೆ. ಹುಟ್ಟಿದ ತಾರೀಕು ಹೇಳಿದೆ, ಊರು ಉಡುಪಿ ಎಂದೆ. "ಟೈಮ್?" ಎಂದು ಕೇಳಿದ. ಶ್ರೀಪ್ರಿಯಾ ಹುಟ್ಟಿದ್ದು ಬೆಳಿಗ್ಗೆ ಐದು ಹತ್ತಕ್ಕೆ. ಮೂಲಾ ನಕ್ಷತ್ರ ಮುಗಿದದ್ದು ಐದೂವರೆಗೆ. "ಐದು ಐವತ್ತು" ಎಂದೆ. ಅವನು ಟಕಟಕ ಒತ್ತಿದ, ಮಿಶಿನಿನಿಂದ ಕಾಗದ ಹೊರಗೆ ಬಂತು. ಪೂರ್ವಾಷಾಢ! ರಾಶಿ ಅದೇ ಧನು. ನಲವತ್ತು ನಿಮಿಷ, ಅಷ್ಟೇ. ಆಸ್ಪತ್ರೆಯ ಗಡಿಯಾರ ಸರಿ ಇತ್ತು ಎಂದು ಯಾರು ಕಂಡಿದ್ದಾರೆ? ನಾನಂತೂ ಆ ಹೊತ್ತಿನಲ್ಲಿ ಗಡಿಯಾರ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ಇವರಿಗೆ ಹೇಳಿದೆ. ಇವರು ಪೇಪರನ್ನು ಮಡಿಸಿ ಬದಿಗಿಟ್ಟರು. "ಹೇಳಿದ ಮೇಲೆ ಮುಗೀತು. ಇನ್ನು ಇದು ನಾವಿಬ್ಬರು ಸಾಯುವವರೆಗೆ ನಮ್ಮಿಬ್ಬರಲ್ಲೇ ಇರಬೇಕು, ತಿಳೀತಾ?" ಎಂದರು. ಮಗಳಿಗೆ ಹೇಳುವ ಅಗತ್ಯ ಇಲ್ಲ. ಅವಳು ನಕ್ಷತ್ರವನ್ನೂ ಲೆಕ್ಕಕ್ಕಿಡುವವಳಲ್ಲ, ತಿಥಿಯನ್ನೂ ಲೆಕ್ಕಕ್ಕಿಡುವವಳಲ್ಲ.

ಆಗಸ್ಟ್ 21, ಭಾನುವಾರ

ನಿಶ್ಚಯ ಆಯಿತು! ನಮ್ಮ ಮನೆಯಲ್ಲೇ. ಕ್ಲಾಸಿಗೆ ಚಕ್ಕರ್.

ಸಂಕಲ್ಪದ ಹೊತ್ತಿಗೆ ಪುರೋಹಿತರು "ಹುಡುಗಿಯ ನಕ್ಷತ್ರ?" ಎಂದು ಕೇಳಿದರು. ಇಪ್ಪತ್ತೈದು ವರ್ಷ ಪ್ರತಿ ಹುಟ್ಟುಹಬ್ಬಕ್ಕೆ ಮೂಲಾ, ಮೂಲಾ ಎಂದು ಅರ್ಚನೆ ಮಾಡಿಸಿದ ಬಾಯಿ, ಇವರು "ಮೂ" ಅನ್ನುವಷ್ಟು ತುಟಿ ಮುಂದೆ ಮಾಡಿದ್ದರು! ನಾನು ಹಿಂದಿನಿಂದ ಕಾಲಿನಲ್ಲಿ ಒದ್ದೆ. "ಮೂ... ಮೂಗು ಕಟ್ಟಿದೆ ಸ್ವಾಮಿ, ಪೂರ್ವಾಷಾಢ, ಪೂರ್ವಾಷಾಢ" ಎಂದರು. ಮುರಾರಿ ರಾಯರು, "ನೆಗಡಿಯಲ್ಲಿ ಮಗಳನ್ನು ಕೊಡ್ಬೇಡಿ ಮಾರಾಯ್ರೆ, ಮಾತ್ರೆ ತಕೊಳ್ಳಿ" ಎಂದು ನಗಿಸಿದರು. ಎಲ್ಲರೂ ಹೋದ ಮೇಲೆ ನಾನೂ ಇವರೂ ಅಡಿಗೆಮನೆಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಒಳ್ಳೆಯ ಮನುಷ್ಯ ಆ ರಾಯರು. ಹೊರಡುವಾಗ ಶ್ರೀಪ್ರಿಯಾಳ ತಲೆ ಮುಟ್ಟಿ, "ನಮ್ಮ ಮನೆಯಲ್ಲಿ ಜೋರಾಗಿ ನಗುವವರು ನಾನೊಬ್ಬನೇ, ನೀನು ಬೇಗ ಬಾ ಮಗಾ" ಎಂದರು.

ಡಿಸೆಂಬರ್ 5, ಸೋಮವಾರ

ನಿನ್ನೆ ಮದುವೆ ಮುಗಿಯಿತು. ಕಾಲು ಎರಡೂ ಬಾತು ಹೋಗಿವೆ. ಧಾರೆಯ ಹೊತ್ತಿನಲ್ಲಿ ಎಲ್ಲ ತಾಯಂದಿರು ಮಗಳನ್ನು ನೋಡುತ್ತಾರಂತೆ. ನನ್ನ ಕಣ್ಣು ಯಾಕೋ ಮುರಾರಿ ರಾಯರ ಮೇಲೆ ಹೋಯಿತು. ಅವರು ಹೂವಿನ ಹಾರದೊಳಗೆ ಬೆವರು ಒರೆಸಿಕೊಳ್ಳುತ್ತಿದ್ದರು. ಸೆಖೆ ಹಾಗಿತ್ತು ಹಾಲಿನಲ್ಲಿ, ಬೇರೇನಿಲ್ಲ.

ಮನೆ ಬಿಕೋ ಅನ್ನುತ್ತಿದೆ. ನಾಟಕದ ಪುಸ್ತಕ ತೆಗೆದೆ, ಓದಲಿಕ್ಕೆ ಆಗಲಿಲ್ಲ.

ಡಿಸೆಂಬರ್ 20, ಮಂಗಳವಾರ

ಶ್ರೀಪ್ರಿಯಾ ಫೋನು ಮಾಡಿದ್ದಳು. ಖುಷಿಯಲ್ಲಿದ್ದಾಳೆ. ಡೊಂಬಿವಲಿಯ ಗರ್ದಿಯಲ್ಲಿ ಹೆಂಗಸರ ಡಬ್ಬಿಗೆ ಹತ್ತುವುದನ್ನು ಅತ್ತೆಯೇ ಸ್ಟೇಶನ್ನಿಗೆ ಬಂದು ಕಲಿಸಿದರಂತೆ. ಮಾತಿನ ಮಧ್ಯೆ, "ಬಾಬಾ ಬಾಥ್‌ರೂಮಿನಲ್ಲಿ ಜಾರಿದ್ರು, ಕುಛ್ ನಹೀ ಹುವಾ, ಏನೂ ಆಗ್ಲಿಲ್ಲ" ಎಂದಳು. ಮಾವನನ್ನು ಅವಳು ಬಾಬಾ ಅನ್ನುವುದು.

ಎಷ್ಟು ಹೊತ್ತಿಗೆ ಜಾರಿದ್ದು ಎಂದು ಕೇಳಿದೆ. ನೀನಾಗ ಮನೆಯಲ್ಲಿ ಇದ್ದಿಯಾ ಎಂದು ಕೇಳಿದೆ. "ಅಮ್ಮಾ, ಸಿ.ಐ.ಡಿ.ಯಲ್ಲಿದ್ದೀಯಾ?" ಎಂದು ನಕ್ಕಳು.

ಜನವರಿ 8, 2012, ಭಾನುವಾರ

ಕ್ಲಾಸಿಗೆ ಹೋದೆ. ಸರ್ ಎರಡನೇ ಸಲ ಕೇಳಿದರು, "ಸಾಲು ಸಿಕ್ಕಿತಾ?" ಇನ್ನೂ ಇಲ್ಲ. ಇವತ್ತು ಮೂರನೇ ಅಂಕ ಓದುವಾಗ ಹೊನ್ನರಸನ ಮೇಲೆ ಮೊದಲಿನಷ್ಟು ಸಿಟ್ಟು ಬರಲಿಲ್ಲ. ಪಾಪ, ಅವನಿಗೂ ಒಂದು ಮಾತು ಕಿವಿಗೆ ಬಿದ್ದಿತ್ತಲ್ಲ. ಬಿದ್ದ ಮಾತನ್ನು ಕಿವಿಯಿಂದ ತೆಗೆಯುವುದು ಹೇಗೆ?

ಗುರುವಾರದ ಒಪ್ಪತ್ತು ಶುರು ಮಾಡಿದ್ದೇನೆ. ತೂಕವೂ ಇಳಿಯುತ್ತದೆ.

ಜನವರಿ 19, ಗುರುವಾರ

ಮುರಾರಿ ರಾಯರಿಗೆ ನಾಲ್ಕು ದಿನದಿಂದ ಜ್ವರ. ನ್ಯುಮೋನಿಯಾ ಎಂದು ಇವತ್ತು ಆಸ್ಪತ್ರೆಗೆ ಹಾಕಿದ್ದಾರೆ.

ಜನವರಿ 21, ಶನಿವಾರ

ಐ.ಸಿ.ಯು. ಬಾಯಿಗೆ ನಳಿಗೆ ಹಾಕಿದ್ದಾರೆ. ಗಾಜಿನ ಹೊರಗಿನಿಂದ ನೋಡಿ ಬಂದೆ. ಅಷ್ಟು ಮಾತಾಡುವ ಮನುಷ್ಯ.

ಡಾಕ್ಟರು ಕಶ್ಯಪನಿಗೆ ಹೇಳುವುದನ್ನು ನಾನೂ ಕೇಳಿಸಿಕೊಂಡೆ: ಮೂವತ್ತು ವರ್ಷ ಸಿಗರೇಟು ಸೇದಿದ ಶ್ವಾಸಕೋಶ, ಚಳಿಯಲ್ಲಿ ಬೆಳಗಿನ ವಾಕಿಂಗು, ಜ್ವರ ಬಂದ ಮೇಲೂ ಮನೆಯಲ್ಲೇ ಮಾತ್ರೆ ನುಂಗುತ್ತ ಕೂತದ್ದು. ಎಲ್ಲ ಸರಿ. ಆದರೆ ಸಿಗರೇಟು ಮೂವತ್ತು ವರ್ಷ ಸುಮ್ಮನಿದ್ದು ನನ್ನ ಮಗಳು ಹೊಸಿಲು ತುಳಿದ ಏಳನೇ ವಾರಕ್ಕೇ ಯಾಕೆ ಎದ್ದಿತು?

ಇವರ ಹತ್ತಿರ ಹೇಳಿದರೆ "ಹುಚ್ಚು ಮಾತು ಬಿಡು" ಎಂದು ರೇಗಿದರು. ದೇವರ ಕೋಣೆಯಲ್ಲಿ ಕೂತು ಐದು ಹತ್ತು, ಐದು ಹತ್ತು ಎಂದು ನಿಜವಾದ ಹೊತ್ತನ್ನು ದೇವರಿಗಾದರೂ ಒಪ್ಪಿಸಿದೆ. ಸಮಾಧಾನ ಆಗಲಿಲ್ಲ.

ಜನವರಿ 24, ಮಂಗಳವಾರ

ಹೇಳಿಬಿಟ್ಟೆ.

ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋಗಿದ್ದೆ. ಶ್ರೀಪ್ರಿಯಾ ಔಷಧ ತರಲಿಕ್ಕೆ ಕೆಳಗೆ ಇಳಿದಿದ್ದಳು, ಕಶ್ಯಪ ಡಾಕ್ಟರ ಹತ್ತಿರ ಇದ್ದ. ಐ.ಸಿ.ಯು. ಹೊರಗಿನ ಬೆಂಚಿನಲ್ಲಿ ಜಯಲತಕ್ಕ ಒಬ್ಬರೇ. ವಾರದಲ್ಲಿ ಅರ್ಧ ಆಗಿದ್ದಾರೆ. ಗಂಜಿ ಮುಟ್ಟಲಿಲ್ಲ. ನನ್ನ ಕೈ ಹಿಡಿದುಕೊಂಡು, "ನನ್ನಿಂದ ಎಂತ ತಪ್ಪಾಯ್ತು ಮುಕ್ತಾ? ಒಂದು ವ್ರತ ಬಿಟ್ಟವಳಲ್ಲ, ಒಂದು ಶ್ರಾದ್ಧ ತಪ್ಪಿಸಿದವಳಲ್ಲ. ದೇವರ ಪಾತ್ರೆ ಮುಟ್ಟುವಾಗ ಎಲ್ಲಾದ್ರೂ ಮೈಲಿಗೆ ಆಯ್ತಾ ಅಂತ ದಿನಾ ಯೋಚಿಸ್ತೇನೆ" ಎಂದು ಅತ್ತರು. ಎದೆ ಎದೆ ಬಡಿದುಕೊಂಡರು.

ನನಗೆ ನೋಡಲಿಕ್ಕೆ ಆಗಲಿಲ್ಲ. ಮಾಡಿದವಳು ನಾನು, ಹುಡುಕುವವರು ಅವರು. "ತಪ್ಪು ನಿಮ್ಮದಲ್ಲ ಅಕ್ಕಾ" ಎಂದೆ. ಆ ಒಂದು ಮಾತು ಬಾಯಿಂದ ಬಂದ ಮೇಲೆ ಉಳಿದದ್ದು ತಾನಾಗಿ ಬಂತು. ಐದು ಹತ್ತು, ಐದು ಐವತ್ತು, ವಾಶಿಯ ಅಂಗಡಿ, ಎಲ್ಲ. ಕಾಲು ಹಿಡಿದೆ. ಅವರು ಕಾಲನ್ನು ಎಳೆದುಕೊಳ್ಳಲಿಲ್ಲ, ನನ್ನನ್ನು ಎಬ್ಬಿಸಲೂ ಇಲ್ಲ. "ಸರಿ" ಎಂದರು. ಅಷ್ಟೇ.

ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಗಿದೆ. ವಾಪಸು ಬರುವಾಗ ರೈಲಿನಲ್ಲಿ ಹಸಿವಾಯಿತು, ಚಿಕ್ಕಿ ಕೊಂಡು ತಿಂದೆ.

ಜನವರಿ 25, ಬುಧವಾರ

ಶ್ರೀಪ್ರಿಯಾ ಬ್ಯಾಗು ಹಿಡಿದು ಬಂದಿದ್ದಾಳೆ. ಮಾವ ಮನೆಗೆ ಬರುವವರೆಗೆ ತವರಿನಲ್ಲಿ ಇರು ಎಂದರಂತೆ ಅತ್ತೆ. ಆಸ್ಪತ್ರೆಯ ಮೆಟ್ಟಿಲೂ ಹತ್ತಬೇಡ ಎಂದರಂತೆ. ಕಾರಣವನ್ನೂ ಹೇಳಿದರಂತೆ, ಎಲ್ಲರ ಎದುರಿಗೆ.

ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು. ನಮ್ಮ ಮನೆಮಾತು ತುಳುವಿನಲ್ಲೇ ಕೇಳಿದಳು, ಮಧ್ಯದಲ್ಲಿ ಒಂದು ಹಿಂದಿ ಶಬ್ದ ಇಲ್ಲ. "ಸುಳ್ಳು ಯಾಕೆ ಹೇಳಿದ್ದು ಅಂತ ನಾನು ಕೇಳುದಿಲ್ಲ. ಅದು ನನಗೋಸ್ಕರ ಹೇಳಿದ್ದಿ. ನಿಜ ಯಾರಿಗೋಸ್ಕರ ಹೇಳಿದ್ದು?"

ಒಂದು ಜೀವದ ಪ್ರಶ್ನೆ ಮಗಾ ಎಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವರು ಹೋಟೆಲಿನಿಂದ ಬಂದು ಸುದ್ದಿ ಕೇಳಿದರು. ಉಂಡ ಬಟ್ಟಲನ್ನು ತಾವೇ ತೊಳೆದಿಟ್ಟರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಇದು ಮೊದಲು.

ಜನವರಿ 27, ಶುಕ್ರವಾರ

ಕಣ್ಣು ಬಿಟ್ಟರು! ನಳಿಗೆ ತೆಗೆದಿದ್ದಾರೆ! ಕಶ್ಯಪ ಫೋನು ಮಾಡಿದ. ಹೊಸ ಔಷಧ ಹಿಡಿಯಿತು ಎಂದರಂತೆ ಡಾಕ್ಟರು. ಹಿಡಿಯಲಿ, ಆದರೆ ನಾನು ಹೇಳಿದ್ದು ಮಂಗಳವಾರ, ಇವಳು ಆ ಮನೆ ಬಿಟ್ಟದ್ದು ಬುಧವಾರ, ಅವರು ಕಣ್ಣು ಬಿಟ್ಟದ್ದು ಶುಕ್ರವಾರ. ಲೆಕ್ಕ ಯಾರಿಗಾದರೂ ತಿಳಿಯುತ್ತದೆ.

ಶ್ರೀಪ್ರಿಯಾ ಸುದ್ದಿ ಕೇಳಿ ಸೋಫಾದಲ್ಲಿ ಕೂತು ಗಟ್ಟಿಯಾಗಿ ಅತ್ತಳು, ಸಂತೋಷಕ್ಕೆ. "ಅಬ್ ತೋ ಜಾ ಸಕ್ತೀ ಹೂಂ ನಾ?" ಎಂದು ಕೇಳಿದಳು. ಈಗಲಾದರೂ ಹೋಗಬಹುದಲ್ಲ ಎಂದು. ಅವಸರ ಮಾಡಬೇಡ ಎಂದೆ.

ಫೆಬ್ರವರಿ 11, ಶನಿವಾರ

ರಾಯರು ಮನೆಗೆ ಬಂದು ಐದು ದಿನ ಆಯಿತು. ಇವಳನ್ನು ಕರೆಯಲಿಲ್ಲ. ಜಯಲತಕ್ಕ, ಇವಳು ಇನ್ನು ಒಂದು ವರ್ಷ ಮಾವನ ಕಣ್ಣಿಗೆ ಬೀಳುವುದು ಬೇಡ ಎಂದು ಯಾರನ್ನೋ ಕೇಳಿ ನಿಶ್ಚಯ ಮಾಡಿದ್ದಾರಂತೆ.

ಕಶ್ಯಪ ಬಂದಿದ್ದ. ಪಾಪದ ಹುಡುಗ, ತಾಯಿಯ ಎದುರು ದನಿ ಏರುವುದಿಲ್ಲ. ಆದರೂ ಒಂದು ದಾರಿ ಹುಡುಕಿಕೊಂಡು ಬಂದಿದ್ದ: "ಬದಲಾಪುರದಲ್ಲಿ ಒಂದು ರೂಮು ಭಾಡೆಗೆ ಸಿಗ್ತದೆ ಅತ್ತೆ. ನಾವಿಬ್ಬರೂ ಅಲ್ಲಿ ಇರ್ತೇವೆ. ಅಪ್ಪನ ಕಣ್ಣಿಗೂ ಬೀಳುದಿಲ್ಲ, ಅಮ್ಮನಿಗೂ ಸಮಾಧಾನ." ಶ್ರೀಪ್ರಿಯಾ ಅಷ್ಟರಲ್ಲೇ ಎದ್ದು ನಿಂತಿದ್ದಳು.

ನಾನೇ ಬೇಡ ಎಂದೆ. ಕಾಯಿಲೆಯ ಅಪ್ಪನಿಂದ ಒಬ್ಬನೇ ಮಗನನ್ನು ಬೇರೆ ಮಾಡಿದ ಪಾಪವೂ ನಮ್ಮ ತಲೆಗೆ ಬರುವುದು ಬೇಡ. ಒಂದು ವರ್ಷ ಏನು ಮಹಾ? ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹೋಗುತ್ತದೆ. ಅಲ್ಲಿಯವರೆಗೆ ಶಾಂತಿ, ಹೋಮ ಏನಾದರೂ ಮಾಡಿಸುವ ಎಂದು ಸಮಾಧಾನದಲ್ಲಿ ತಿಳಿಸಿ ಹೇಳಿದೆ. ಕಶ್ಯಪ ತಲೆ ಅಲ್ಲಾಡಿಸಿ ಚಹಾ ಕುಡಿದು ಹೋದ. ಇವಳು ಗ್ಯಾಲರಿಯಲ್ಲಿ ನಿಂತು ಅವನು ರಿಕ್ಷಾ ಹತ್ತುವವರೆಗೂ ನೋಡಿದಳು.

ಇವರು ಹೇಳಿದರು, "ನೀನು ಜುಲೈ ತಿಂಗಳಲ್ಲಿ ಇದಕ್ಕೆಲ್ಲ ನಗ್ತಾ ಇದ್ದಿ ಮುಕ್ತಾ." ನನಗೆ ನೆನಪಿಲ್ಲ. ಆಗ ಕಷ್ಟ ಏನು ಅಂತ ಗೊತ್ತಿರಲಿಲ್ಲ, ಅಷ್ಟೇ.

ಮಾರ್ಚ್ 4, ಭಾನುವಾರ

ಕೊನೆಯ ಕ್ಲಾಸು. ಸರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು, ಹೊನ್ನರಸನ ಪತನಕ್ಕೆ ವಿಧಿ ಕಾರಣವೋ ಅವನ ಸ್ವಭಾವವೋ? ನನ್ನ ಸರದಿ ಬಂದಾಗ ವಿಧಿ ಎಂದೆ. "ಕಣಿಯವಳ ಮಾತು ಒಂದಕ್ಷರ ಸುಳ್ಳಾಗಲಿಲ್ಲ ಸರ್. ಒಳಗಿನಿಂದಲೇ ತೆರೆಯಿತು."

"ತೆರೆದವರು ಯಾರು ಮುಕ್ತಾ ಬಾಯಿ?"

"ಅವನೇ. ಬರೆದಿತ್ತು, ತೆರೆದ."

ಸರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಮನೆಯಲ್ಲಿ ಎಲ್ಲ ಆರಾಮ ಉಂಟಲ್ಲ?" ಎಂದು ಕೇಳಿದರು. ಪಾಠಕ್ಕೂ ಅದಕ್ಕೂ ಏನು ಸಂಬಂಧವೋ.

ಏಪ್ರಿಲ್ 18, ಬುಧವಾರ

ನಾಟಕದ ಪೇಪರು. ಹದಿನಾರು ಅಂಕದ ಪ್ರಶ್ನೆ ಅದೇ ಬಂತು. ನಾಲ್ಕು ಪುಟ ಬರೆದೆ, ಕೈ ನಿಲ್ಲಲಿಲ್ಲ. ದೊರೆ ತಮ್ಮನನ್ನು, ಮಂತ್ರಿಯನ್ನು, ರಾಣಿಯನ್ನು ದೂರ ಮಾಡಿದ್ದು ಅವರ ಮೇಲಿನ ದ್ವೇಷದಿಂದಲ್ಲ, ಕೋಟೆಯ ಮೇಲಿನ ಪ್ರೀತಿಯಿಂದ ಎಂದು ಬರೆದೆ. ಯಾವ ಗೈಡಿನಲ್ಲೂ ಇಲ್ಲದ ಮಾತು. ಒಳ್ಳೆಯ ಅಂಕ ಬರಬಹುದು.

ಮನೆಗೆ ಬಂದಾಗ ಶ್ರೀಪ್ರಿಯಾ ಆಫೀಸಿನಿಂದ ಬಂದು ದೀಪ ಹಾಕದೆ ಕೂತಿದ್ದಳು. ಕಶ್ಯಪನ ಫೋನು ಈಗ ವಾರಕ್ಕೊಂದು. ಪೇಪರು ಹೇಗಾಯಿತು ಎಂದು ಅವಳು ಕೇಳಲಿಲ್ಲ.

ಮೇ 6, ಭಾನುವಾರ

ಬೆಳಿಗ್ಗೆ ಹತ್ತೂವರೆಗೆ ಬಾಗಿಲ ಬೆಲ್ ಆಯಿತು. ತೆಗೆದರೆ ಮುರಾರಿ ರಾಯರು! ಒಬ್ಬರೇ. ಡೊಂಬಿವಲಿಯಿಂದ ಥಾಣೆ, ಅಲ್ಲಿ ಬ್ರಿಡ್ಜು ಹತ್ತಿ ಇಳಿದು ನೆರೂಳದ ಗಾಡಿ. ಷರಟು ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. ಬಹಳ ಇಳಿದು ಹೋಗಿದ್ದಾರೆ, ಆದರೆ ದನಿ ಅದೇ. "ಸೊಸೆಯನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದೆ" ಎಂದರು.

ನಾನು ಬಾಗಿಲು ಹಿಡಿದೇ ನಿಂತೆ. ಇವರೇ ಕೂರಿಸಿದರು.

"ಜಯಲತಾಗೆ ಹೇಳಿಯೇ ಬಂದದ್ದು. ಎರಡು ದಿನ ಮುಖ ಊದಿಸ್ತಾಳೆ, ಊದಿಸ್ಲಿ. ನಾನು ಬದುಕಿ ಕೂತಿದ್ದೇನಲ್ಲ ಮಾರಾಯ್ರೆ! ಸತ್ತವನಿಗೆ ಮಾಡುವ ಹಾಗೆ ನನ್ನ ಹೆಸರಿನಲ್ಲಿ ನಿಯಮ ಮಾಡಿದ್ರೆ ಹೇಗೆ? ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಈ ಹುಡುಗಿ ಎಲ್ಲಿ ಅಂತ ಕೇಳಿದೆ, ಎಲ್ಲರೂ ಆಚೆ ಈಚೆ ನೋಡಿದ್ರು. ಕಾರಣ ನನಗೆ ಗೊತ್ತಾದದ್ದು ಮೊನ್ನೆ."

ಶ್ರೀಪ್ರಿಯಾ ಒಳಗಿನಿಂದ ಬಂದವಳು ಅವರ ಕಾಲಿಗೆ ಬಿದ್ದಳು. ಎದ್ದಾಗ ಮುಖವೇ ಬೇರೆ. ಮೂರು ತಿಂಗಳಲ್ಲಿ ಆ ಮುಖ ನಾನು ನೋಡಿರಲಿಲ್ಲ. "ದಸ್ ಮಿನಿಟ್ ಬಾಬಾ, ಬ್ಯಾಗ್ ತುಂಬಿಸ್ತೇನೆ" ಎಂದು ಓಡಿದಳು. ಕಪಾಟು ತೆರೆಯುವ, ಹ್ಯಾಂಗರು ಎಳೆಯುವ ಸದ್ದು ಹಾಲಿನವರೆಗೂ ಬರುತ್ತಿತ್ತು. ರಾಯರು ಇವರಿಗೆ ಐ.ಸಿ.ಯು. ನರ್ಸಿನ ಕತೆ ಹೇಳಿ ನಗಿಸುತ್ತಿದ್ದರು. ನಾನು ಕೋಕಮ್ ಶರಬತ್ತು ಮಾಡಿ ತಂದೆ.

ಅವಳು ಬ್ಯಾಗು ಹಿಡಿದು ಹೊರಗೆ ಬಂದಳು. ರಾಯರು ಲೋಟ ಎತ್ತಿ ಕುಡಿಯುತ್ತ ಏನೋ ಹೇಳಹೋದರು, ನೆತ್ತಿಗೆ ಹತ್ತಿತು. ಕೆಮ್ಮು ಬಂತು. ಒಂದು, ಎರಡು, ನಿಲ್ಲಲೇ ಇಲ್ಲ. ಮುಖ ಕೆಂಪಾಯಿತು, ಕೈ ಎದೆಗೆ ಹೋಯಿತು. ಇವರು ಹಾರಿ ಎದ್ದು ಬೆನ್ನು ತಿಕ್ಕಿದರು. ಅರ್ಧ ನಿಮಿಷ ಇರಬಹುದು. ಆಮೇಲೆ ನಿಂತಿತು. ಕಣ್ಣು ಒರೆಸಿಕೊಂಡು, "ಶರಬತ್ತಿಗೆ ಶುಂಠಿ ಹಾಕಿದ್ರಾ ಮುಕ್ತಾ ಬಾಯಿ?" ಎಂದು ನಕ್ಕರು.

ಶ್ರೀಪ್ರಿಯಾ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಅಪ್ಪ ಬಾಬಾನನ್ನು ನೋಡಿದ್ರು. ನೀನು ನನ್ನನ್ನು ನೋಡಿದಿ."

"ಎಂತ ಹೇಳ್ತಿ ನೀನು?"

"ಬಾಬಾಗೆ ಕೆಮ್ಮು ಬಂದ ಕೂಡ್ಲೇ ನೀನು ನನ್ನನ್ನು ನೋಡಿದಿ ಅಮ್ಮಾ."

ಬ್ಯಾಗನ್ನು ನೆಲಕ್ಕೆ ಇಟ್ಟಳು. ರಾಯರ ಎದುರಿಗೆ ಕೂತು ಅವರ ಎರಡೂ ಕೈ ಹಿಡಿದುಕೊಂಡು ಹೇಳಿದಳು, "ನಾನು ಬರುದಿಲ್ಲ ಬಾಬಾ. ನೀವು ನೂರು ವರ್ಷ ಬದುಕ್ಬೇಕು. ಆದ್ರೆ ನೂರು ವರ್ಷದಲ್ಲಿ ನಿಮಗೆ ಎಷ್ಟು ಸಲ ಕೆಮ್ಮು ಬರ್ತದೋ ಅಷ್ಟು ಸಲವೂ ಅತ್ತೆ ನನ್ನ ಮುಖ ನೋಡ್ತಾರೆ. ಅತ್ತೆ ನೋಡುದನ್ನು ನಾನು ತಡ್ಕೊಳ್ತಿದ್ದೆ. ನನ್ನನ್ನು ಹೆತ್ತವಳೇ ಹೀಗೆ ನೋಡಿದ್ರೆ ನಾನು ಯಾರ ಹತ್ತಿರ ಹೋಗಿ ಅಳ್ಲಿ?"

ರಾಯರು ಬಹಳ ಹೇಳಿದರು. ಬೈದರು, ಕೊನೆಗೆ ಕೈಯನ್ನೂ ಮುಗಿದರು. ಅವಳು ಅಲ್ಲಾಡಲಿಲ್ಲ. ಹನ್ನೆರಡರ ಹೊತ್ತಿಗೆ ಊಟ ಕೂಡ ಮಾಡದೆ ಎದ್ದರು. ಇವರು ಸ್ಟೇಶನ್ನಿಗೆ ಬಿಡಲಿಕ್ಕೆ ಹೋಗಿ ಬಂದು ಅಂಗಿ ಬದಲಿಸದೆ ಮಲಗಿದ್ದಾರೆ.

ನಾನು ನೋಡಿದ್ದು ಹೌದು. ಈ ಪುಸ್ತಕದಲ್ಲಿ ಸುಳ್ಳು ಬರೆಯುವುದಿಲ್ಲ. ನೆತ್ತಿಗೆ ಹತ್ತಿದ್ದು ಅಂತ ಗೊತ್ತಿದ್ದೂ ನೋಡಿದೆ. ನನ್ನ ಕಣ್ಣು, ನಾನು ಏನು ಮಾಡಲಿ?

ಅವಳು ಬ್ಯಾಗಿನಿಂದ ಒಂದೊಂದೇ ಸೀರೆ ತೆಗೆದು ಮತ್ತೆ ಕಪಾಟಿಗೆ ಇಡುತ್ತಿದ್ದಾಳೆ. ಗಂಟೆ ಒಂದೂವರೆ ಆಯಿತು. ರಾಯರು ಡೊಂಬಿವಲಿ ಮುಟ್ಟಿದ ಫೋನು ಇನ್ನೂ ಬಂದಿಲ್ಲ. ಬಿಸಿಲು, ಥಾಣೆಯ ಬ್ರಿಡ್ಜು, ಆ ಎದೆ. ಆದರೂ ಇವಳು ಜೊತೆಯಲ್ಲಿ ಹೋಗಲಿಲ್ಲವಲ್ಲ, ಏನೂ ಆಗಲಿಕ್ಕಿಲ್ಲ.